ಬೀರು ಗೋಡೆಯಿಂದ ಒಂದಿಂಚು ಈಚೆಗಿರಲಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯೊಳಗಿನ ಕೆಲಸ ಹಿಡಿದಾಗ ನಾನು ಮೊದಲು ಮುಟ್ಟಿ ನೋಡುವುದು ಪಡುವಣ ಗೋಡೆಯನ್ನು. ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ, ಇರಚಲು ಬಡಿಯುವುದೂ ಆ ಕಡೆಗೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಅದೇ ಜಿಲ್ಲೆಯ ಶಿಕಾರಿಪುರದ ಬಯಲಿಗೆ ಅದರ ಕಾಲುಭಾಗವೂ ಇಲ್ಲ. ಬೆಂಗಳೂರಿನ ಫ್ಲಾಟಿಗೆ ಮಾಡಿದ ವಾರ್ಡ್‌ರೋಬಿನ ಅಳತೆಯನ್ನೇ ತಂದು ಘಟ್ಟದ ಊರಲ್ಲಿ ಕೂರಿಸಿದರೆ, ಪುನರ್ವಸು ಮಳೆ ಹಿಡಿಯುವಷ್ಟರಲ್ಲಿ ಒಳಗಿನ ರೇಷ್ಮೆ ಸೀರೆಗೆ ಬೂಷ್ಟು ಬಂದಿರುತ್ತದೆ.

ಹಳೆಯ ಹೆಂಚಿನ ಮನೆಗಳಲ್ಲಿ ಈ ತೊಂದರೆ ಕಡಿಮೆ ಇದ್ದದ್ದಕ್ಕೆ ಕಾರಣವಿದೆ. ಅಡುಗೆ ಒಲೆ, ಬಚ್ಚಲೊಲೆ ದಿನವಿಡೀ ಕಾದಿರುತ್ತಿದ್ದವು, ಆ ಬಿಸಿ ಅಟ್ಟದವರೆಗೆ ಏರಿ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಹೊರಗಿನ ಗಾಳಿ 22 ಡಿಗ್ರಿ, ತೇವಾಂಶ ಶೇಕಡಾ 95 ಎಂದುಕೊಳ್ಳಿ. ಅದೇ ಗಾಳಿ ಮನೆಯೊಳಗೆ 26 ಡಿಗ್ರಿಗೆ ಬೆಚ್ಚಗಾದರೆ ತೇವಾಂಶ ಶೇಕಡಾ 75ಕ್ಕೆ, 28 ಡಿಗ್ರಿಯಾದರೆ 66ಕ್ಕೆ ಇಳಿಯುತ್ತದೆ. ಬೂಷ್ಟು ಹುಲುಸಾಗಿ ಬೆಳೆಯುವುದು 70ರ ಮೇಲೆ. ಗ್ಯಾಸ್ ಒಲೆ, ಗೀಸರ್, ಆರ್‌ಸಿಸಿ ತಾರಸಿ ಬಂದ ಮೇಲೆ ಮನೆಯ ನಡುವಿನ ಆ ಬಿಸಿಯೂ ಹೋಯಿತು, ಮೇಲಿನ ಸಂದಿಯೂ ಮುಚ್ಚಿತು. ಒಲೆಯನ್ನು ಮತ್ತೆ ತರಲಾಗದ ಮನೆಯಲ್ಲಿ ಗಾಳಿಗೆ ದಾರಿಯನ್ನಾದರೂ ಬಿಡಬೇಕು. ನನ್ನ ಕೆಲಸದ ಅಳತೆಗಳೆಲ್ಲ ಹುಟ್ಟುವುದು ಅಲ್ಲಿಂದ.

ಗೋಡೆ ತಣ್ಣಗಿದೆ ಎಂದ ಮಾತ್ರಕ್ಕೆ ಅದರೊಳಗೆ ನೀರಿದೆ ಎಂದಲ್ಲ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹನಿ ಹಾಳೆಯ ಹಿಂಬದಿಗೆ, ಗೋಡೆಯ ಕಡೆಗೆ ಕೂತಿದ್ದರೆ ನೀರು ಬರುತ್ತಿರುವುದು ಗೋಡೆಯೊಳಗಿಂದ: ಒಡೆದ ಹೆಂಚು, ಗಿಡ್ಡ ಸೂರು, ಹೊರಗೆ ಪಂಚಾಂಗದ (ಅಡಿಪಾಯದ ಕಟ್ಟೆಯ) ಮಟ್ಟಕ್ಕೆ ಏರಿದ ಮಣ್ಣು, ಇವುಗಳಲ್ಲಿ ಒಂದು. ಹನಿ ಕೋಣೆಯ ಕಡೆಗಿದ್ದರೆ ಅದು ಮನೆಯೊಳಗಿನ ಗಾಳಿಯ ತೇವ, ಗೋಡೆಗೆ ಏನೂ ಮಾಡಬೇಕಿಲ್ಲ. ಈ ಎರಡರ ವ್ಯತ್ಯಾಸ ತಿಳಿಯದೆ ವಾಟರ್‌ಪ್ರೂಫ್ ಬಣ್ಣಕ್ಕೆ ದುಡ್ಡು ಸುರಿದ ಮನೆಗಳು ಬಹಳ. ನೀರು ಹಿಂದಿನಿಂದ ಬರುತ್ತಿರುವಾಗ ಮುಂದೆ ಬಳಿದ ಪ್ಲಾಸ್ಟಿಕ್ ಎಮಲ್ಷನ್ ಹಪ್ಪಳದ ಹಾಗೆ ಉಬ್ಬಿ, ಮರುವರ್ಷ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ.

ಜಂಬಿಟ್ಟಿಗೆ ಅಥವಾ ಮಣ್ಣಿನ ಗೋಡೆಯಾದರೆ ನಾನು ಸುಣ್ಣವನ್ನೇ ಹೇಳುತ್ತೇನೆ. ಸುಣ್ಣದ ಮೂಲಕ ಗೋಡೆಯ ತೇವ ಆವಿಯಾಗಿ ಹೋಗುತ್ತದೆ. ಸಿಮೆಂಟ್ ಗಾರೆ ಅದನ್ನು ಒಳಗೇ ಹಿಡಿದಿಡುತ್ತದೆ. ಗೋಡೆಗೆ ತುಸು ನೀರು ಚಿಮುಕಿಸಿ, ಹಾಲಿನಷ್ಟು ತೆಳ್ಳಗೆ ಕಲಸಿ ಸೋಸಿದ ಸುಣ್ಣವನ್ನು ದಿನಕ್ಕೊಂದರಂತೆ ಮೂರು ಸಲ ಬಳಿಯಬೇಕು. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಬಿರುಕು ಬಿಟ್ಟು ಕೈಗೆ ಪುಡಿ ಹತ್ತುತ್ತದೆ. ಹಳೆಯ ಬೂಷ್ಟನ್ನು ಮೊದಲು ತೊಳೆದು ಒಣಗಿಸಿ. ಅದರ ಮೇಲೆಯೇ ಬಳಿದರೆ ಒಂದೇ ಮಳೆಗಾಲಕ್ಕೆ ಮೇಲೆ ಬರುತ್ತದೆ. ಈ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮೇ ಕೊನೆಯಲ್ಲಿ ಗಡಿಬಿಡಿ ಮಾಡುವುದಕ್ಕಿಂತ ಆ ವರ್ಷಕ್ಕೆ ಪಡುವಣ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಇರಚಲು ತಡೆದು, ಬಣ್ಣವನ್ನು ಮುಂದಕ್ಕೆ ಹಾಕುವುದು ಮೇಲು.

ಈಗ ಬೀರುವಿಗೆ ಬರೋಣ. ಆದಷ್ಟೂ ಅದನ್ನು ಮನೆಯ ನಡುಗೋಡೆಗೆ ಕೊಡಿ. ಪಡುವಣ ಗೋಡೆಗೇ ಕೊಡಬೇಕಾಗಿ ಬಂದರೆ ಹಿಂದೆ ಒಂದಿಂಚು ಸಂದು, ಕೆಳಗೆ ನಾಲ್ಕಿಂಚಿನ ಕಾಲು, ತಲೆಯ ಮೇಲೆ ಎರಡಿಂಚು ಖಾಲಿ. ಕಾಲಿನ ಮುಂದೆ ಸ್ಕರ್ಟಿಂಗ್ ಹಲಗೆ ಹಾಕುವುದಾದರೆ ಅದರಲ್ಲಿ ಉದ್ದಕ್ಕೂ ಸೀಳು ಬಿಡಬೇಕು. ಕೆಳಗಿನಿಂದ ಹೊಕ್ಕ ಗಾಳಿ ಬೆನ್ನ ಹಿಂದೆ ಹಾದು ಮೇಲೆ ಹೋಗಬೇಕು. ಇಲ್ಲಿ ಆಗುವ ತಪ್ಪು ಬಹಳ ಸಣ್ಣದು: ಒಂದಿಂಚು ಸಂದು ಬರಲೆಂದು ಬಡಗಿಯವರು ಗೋಡೆಗೆ ಪಟ್ಟಿ ಹೊಡೆಯುತ್ತಾರೆ, ಆದರೆ ಅಡ್ಡಡ್ಡ ಹೊಡೆಯುತ್ತಾರೆ. ಅಳತೆ ಸರಿಯಿದ್ದರೂ ಪ್ರತಿ ಪಟ್ಟಿಯೂ ಗಾಳಿಗೆ ಕಟ್ಟೆಯಾಯಿತು. ಪಟ್ಟಿ ನಿಲುವಾಗಿಯೇ ಇರಬೇಕು. ಕೂರಿಸಿದ ಮೇಲೆ ಒಂದು ಊದುಬತ್ತಿ ಹಚ್ಚಿ ಕೆಳಗಿನ ಸೀಳಿನ ಬಳಿ ಹಿಡಿಯಿರಿ, ಫ್ಯಾನ್ ತಿರುಗುತ್ತಿರಲಿ. ಹೊಗೆ ಸೀಳಿನೊಳಗೆ ನುಸುಳಿ ಸ್ವಲ್ಪ ಹೊತ್ತಿಗೆ ಮೇಲಿನ ಸಂದಿಯಲ್ಲಿ ಎಳೆಯಾಗಿ ಕಂಡರೆ ದಾರಿ ಸರಿಯಿದೆ. ಅಲ್ಲಲ್ಲೇ ಸುತ್ತುತ್ತಿದ್ದರೆ ಎಲ್ಲೋ ಮುಚ್ಚಿದೆ, ಬಿಚ್ಚಿ ನೋಡಿ.

ಬೀರುವಿನ ಒಳಗೂ ಹಾಗೆಯೇ. ಹಲಗೆಯ ತಟ್ಟುಗಳನ್ನು ಬೆನ್ನಿಗೆ ತಾಗಿಸದೆ ಅರ್ಧ ಇಂಚು ಮುಂದೆಯೇ ನಿಲ್ಲಿಸಿ. ಪ್ರತಿ ಬಾಗಿಲಿಗೆ ಕೆಳಗೆರಡು, ಮೇಲೆರಡು ಗಾಳಿಕಿಂಡಿಯ ಜಾಲರಿ ಬರಲಿ. ನೋಟ ಕೆಡುತ್ತದೆ ಎನ್ನುವವರಿಗೆ ಪಟ್ಟಿ ಪಟ್ಟಿಯ ಲೂವರ್ ಬಾಗಿಲು ಮಾಡಿಕೊಡುತ್ತೇನೆ, ಖರ್ಚು ಹೆಚ್ಚು. ಮೊದಲೆಲ್ಲ ಬೀರುವಿನೊಳಗೆ 15 ವ್ಯಾಟಿನ ಸಣ್ಣ ಬಲ್ಬು ಉರಿಸಿಡುವ ರೂಢಿಯಿತ್ತು, ಅದರ ಬಿಸಿಯೇ ಮದ್ದಾಗಿತ್ತು. ಈಗ ಆ ಜಾಗಕ್ಕೆ ಎಲ್‌ಇಡಿ ಹಾಕಿ ಪ್ರಯೋಜನವಿಲ್ಲ, ಅದು ಅಷ್ಟು ಕಾಯುವುದಿಲ್ಲ. ಹಳೆಯ ಬಲ್ಬನ್ನೇ ಇಡುವವರು ಸುತ್ತ ತಂತಿಬಲೆ ಹಾಕಿ, ಬಟ್ಟೆಯಿಂದ ಒಂದಡಿ ದೂರ ಇಡಲೇಬೇಕು. ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳು ಮುಚ್ಚಿದ ಬೀರುವಿನಲ್ಲಿ ಕೆಲಸ ಮಾಡುತ್ತವೆ, ಗಾಳಿಯಾಡುವ ಬೀರುವಿನಲ್ಲಿ ವಾರಕ್ಕೇ ನೀರು ತುಂಬಿಕೊಳ್ಳುತ್ತವೆ. ಹಾಗಾಗಿ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ.

ಪ್ಲೈವುಡ್ಡಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಅಡುಗೆಮನೆಗೆ, ಬಚ್ಚಲ ಪಕ್ಕದ ಗೋಡೆಗೆ ಐಎಸ್ 710 ಮುದ್ರೆಯ (ಮರೀನ್ ದರ್ಜೆಯ) ಹಾಳೆಯೇ ಆಗಬೇಕು, ಚೌಕಟ್ಟಿಗೆ 18 ಮಿ.ಮೀ. ದಪ್ಪದ್ದು. ಎಂಆರ್ (ತೇವ ತಡೆಯುವುದೆನ್ನುವ) ದರ್ಜೆಯದ್ದು ಯೂರಿಯಾ ಅಂಟಿನದು, ಮಲೆನಾಡಿನ ಮಳೆಗಾಲಕ್ಕೆ ಪದರ ಬಿಡುತ್ತದೆ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯಂತೂ ನೀರು ಕುಡಿದು ರಸ್ಕಿನ ಹಾಗೆ ಉಬ್ಬುತ್ತದೆ. ಮುದ್ರೆಯನ್ನಷ್ಟೇ ನಂಬಬೇಡಿ: ನಾಲ್ಕಿಂಚಿನ ತುಂಡು ಕತ್ತರಿಸಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀರಲ್ಲಿ ಕುದಿಸಿ. ಉಗುರು ಹಾಕಿದರೆ ಪದರ ಏಳುವಂತಿದ್ದರೆ ಹಾಳೆಗಳನ್ನು ವಾಪಸ್ ಕಳಿಸಿ.

ಒಳ್ಳೆಯ ಪ್ಲೈ ಹಾಕಿಯೂ ಬಾಗಿಲು ಬಿಲ್ಲಿನಂತೆ ಬಾಗಿದರೆ ತಪ್ಪು ಬಹುಪಾಲು ಲ್ಯಾಮಿನೇಟಿನದು. ಹೊರಮೈಗೆ 1 ಮಿ.ಮೀ. ಲ್ಯಾಮಿನೇಟ್ ಅಂಟಿಸಿ ಒಳಮೈಗೆ ಬರೇ ಬಣ್ಣ ಹೊಡೆದರೆ ಒಂದು ಬದಿ ತೇವ ಕುಡಿಯುತ್ತದೆ, ಇನ್ನೊಂದು ಬದಿ ಕುಡಿಯುವುದಿಲ್ಲ. ಬಾಗದೆ ಏನು ಮಾಡೀತು? ಒಳಗೂ 0.8 ಮಿ.ಮೀ. ಲ್ಯಾಮಿನೇಟ್ ಬರಲೇಬೇಕು. ಕತ್ತರಿಸಿದ ಅಂಚಿಗೆಲ್ಲ 2 ಮಿ.ಮೀ. ಪಟ್ಟಿ. ಹಿಂಜಿಗಾಗಿ ಕೊರೆಯುವ 35 ಮಿ.ಮೀ. ಗುಂಡಿಯನ್ನು ಮಾತ್ರ ಎಲ್ಲರೂ ಹಸಿಯಾಗಿಯೇ ಬಿಡುತ್ತಾರೆ. ನೀರು ಒಳಹೊಗುವುದು ಅಲ್ಲಿಂದಲೇ. ಹತ್ತಿರದಿಂದ ನೋಡಿದರೆ ಗುಂಡಿಯ ಸುತ್ತ ಮರ ಮೆತ್ತಗಾಗಿ, ತಿರುಪು ತಿರುಗಿದರೂ ಬಿಗಿಯಾಗದೆ ಬಾಗಿಲು ಕೆಳಗೆ ಜೋತಿರುತ್ತದೆ. ಗುಂಡಿಗೆ ಎರಡು ಕೋಟು ಸೀಲರ್ ಬಳಿದು ಆಮೇಲೆ ಹಿಂಜ್ ಕೂರಿಸಿ. ಏಳಡಿಯ ಬಾಗಿಲಿಗೆ ನಾಲ್ಕಕ್ಕಿಂತ ಕಡಿಮೆ ಹಿಂಜ್ ಬೇಡ, ತಿರುಪು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ಹಿತ್ತಲ ಹಲಸು, ಅಕೇಶಿಯಾ ಕೊಯ್ಸಿ ಪೀಠೋಪಕರಣ ಮಾಡಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅದು ಸಂತೋಷದ ವಿಷಯ. ಆದರೆ ಕೊಯ್ದ ಹಲಗೆ ಒಂದಿಂಚು ದಪ್ಪಕ್ಕೆ ಒಂದು ವರ್ಷದ ಲೆಕ್ಕದಲ್ಲಿ ನೆರಳಲ್ಲಿ ಒಣಗಬೇಕು. ಎರಡಡಿಗೊಂದರಂತೆ ಒಂದಿಂಚಿನ ತುಂಡುಪಟ್ಟಿಗಳನ್ನು ನಡುವೆ ಕೊಟ್ಟು, ಒಂದರ ನೇರಕ್ಕೆ ಒಂದು ಬರುವ ಹಾಗೆ ಅಟ್ಟಿ ಹಾಕಿ. ತುದಿಗಳಿಗೆ ಹಳೆಯ ಎನಾಮೆಲ್ ಬಣ್ಣ ಬಳಿದರೆ ಸೀಳು ಕಡಿಮೆ. ತೇವ ಅಳೆಯುವ ಮೀಟರಿನಲ್ಲಿ ಶೇಕಡಾ 12ರ ಆಸುಪಾಸು ಬಂದ ಮೇಲೆ ಕೆಲಸಕ್ಕೆ ಕೈ ಹಾಕಬಹುದು. ತಿರುಳಿನ ಸುತ್ತಲಿನ ಬಿಳಿ ಭಾಗವನ್ನು ತೆಗೆಯದಿದ್ದರೆ ಕುಟ್ಟೆಹುಳು ಹಿಡಿಯುತ್ತದೆ. ಅಕೇಶಿಯಾಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಮರದ ಒಗರಿಗೆ ತುಕ್ಕು ಸೇರಿ ಸುತ್ತ ಕಪ್ಪು ಕಲೆ ಬೀಳುತ್ತದೆ, ಅದನ್ನು ಉಜ್ಜಿ ತೆಗೆಯಲಾಗದು.

ಮರದ ಬಾಗಿಲು ಜುಲೈಯಲ್ಲಿ ಉಬ್ಬಿ ಹಿಡಿದುಕೊಂಡಾಗ ಕೂಡಲೇ ಉಜ್ಜುಗೊರಡು ತರಬೇಡಿ. ಆಗ ಉಜ್ಜಿದ ಬಾಗಿಲು ಫೆಬ್ರವರಿಯಲ್ಲಿ ಕುಗ್ಗಿ, ಬೆರಳು ತೂರುವಷ್ಟು ಸಂದು ಬಿಡುತ್ತದೆ. ಬೇಸಿಗೆಯಲ್ಲಿ ಕೂರಿಸುವಾಗಲೇ ಚಿಲಕದ ಬದಿಗೆ 4 ಮಿ.ಮೀ. ಬಿಟ್ಟು, ಮೇಲಿನ ಮತ್ತು ಕೆಳಗಿನ ಅಂಚಿಗೂ ಪಾಲಿಶ್ ಕುಡಿಸಿ. ಕಣ್ಣಿಗೆ ಕಾಣದ ಆ ಕೆಳಗಿನ ಅಂಚೇ ಹೆಚ್ಚು ನೀರು ಕುಡಿಯುವುದು.

ಮಂಚಕ್ಕೆ ಸಾಮಾನು ತುಂಬುವ ಪೆಟ್ಟಿಗೆ ಬೇಕೆನ್ನುವವರು ಹೆಚ್ಚು. ಕೊಡಬಹುದು, ಆದರೆ ಹಾಸಿಗೆಯ ಕೆಳಗಿನ ಹಲಗೆಗೆ ಆರಿಂಚಿಗೊಂದರಂತೆ ಒಂದಿಂಚಿನ ತೂತು ಕೊರೆಯಲೇಬೇಕು. ಇಲ್ಲದಿದ್ದರೆ ಹಾಸಿಗೆಯ ತಳದಲ್ಲಿ ಮಲಗುವವರ ಮೈಯ ಆಕಾರಕ್ಕೆ ಬೂಷ್ಟು ಬರುತ್ತದೆ. ಎರಡಿಂಚು ಸಂದು ಬಿಟ್ಟ ಪಟ್ಟಿಯ ಮಂಚ ಎಲ್ಲಕ್ಕಿಂತ ಒಳ್ಳೆಯದು.

ಒಗೆದ ಬಟ್ಟೆಗೊಂದು ಜಾಗವನ್ನು ನಕ್ಷೆಯಲ್ಲೇ ಗುರುತಿಸಿ. ಒಂದು ಸಲದ ಬಟ್ಟೆಯಿಂದ ಎರಡು ಲೀಟರಿನಷ್ಟು ನೀರು ಮನೆಯ ಗಾಳಿಗೆ ಸೇರುತ್ತದೆ. ಅದು ಮಲಗುವ ಕೋಣೆಯ ಹಗ್ಗದ ಮೇಲಾದರೆ ಪಕ್ಕದ ಬೀರುವಿಗೆ ಎಷ್ಟು ಗಾಳಿಕಿಂಡಿ ಕೊಟ್ಟರೂ ಸಾಲದು. ಬಚ್ಚಲೊಲೆ ಇನ್ನೂ ಇರುವ ಮನೆಯಲ್ಲಿ ಹಂಡೆಯ ಮೇಲ್ಭಾಗಕ್ಕೆ ಬಿದಿರಿನ ಗಳ ಕಟ್ಟಿ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಮುಗಿಯಿತು. ಇಲ್ಲದವರು ಕೆಲಸದ ಕೋಣೆಗೆ ಫ್ಯಾನ್ ಹಾಕಿ, ಬಾಗಿಲು ಮುಚ್ಚಿ ಒಣಗಿಸಿ.

ಬೆಳಕಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೆಂಚಿನ ಮಾಡಾದರೆ ಹತ್ತಡಿ ಹನ್ನೆರಡಡಿಯ ಕೋಣೆಗೆ ಎರಡು ಗಾಜಿನ ಹೆಂಚು, ಮೂಡಣ ಅಥವಾ ಬಡಗಣ ಇಳಿಜಾರಿಗೆ. ರಾತ್ರಿಗೆ 9 ವ್ಯಾಟಿನ ಎರಡು ದೀಪ, 3000 ಕೆಲ್ವಿನ್‌ನ ಹಳದಿ ಛಾಯೆಯವು. ಕಾವಿ ನೆಲಕ್ಕೆ, ಹಲಸಿನ ಮರಕ್ಕೆ 6500ರ ಬಿಳಿ ಬೆಳಕು ಬಿದ್ದರೆ ಎರಡೂ ಬೂದಿಬಣ್ಣಕ್ಕೆ ತಿರುಗುತ್ತವೆ.

ಅಲಂಕಾರಕ್ಕೆಂದು ಹಸೆ ಚಿತ್ತಾರ ಬರೆಸುವ ಆಸೆ ಈಗ ಪೇಟೆಯವರಿಗೂ ಬಂದಿದೆ. ಸಾಗರ, ಸೊರಬದ ದೀವರ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ ಎಳೆಯುವುದು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ. ಆ ಬಣ್ಣ ಮಣ್ಣಿನ ಮೈಗೆ ಹೀರಿಕೊಂಡು ನಿಲ್ಲುತ್ತದೆ. ಎಮಲ್ಷನ್ ಮೇಲೆ ಹಿಡಿಯದೆ ಉದುರುತ್ತದೆ. ಆದ್ದರಿಂದ ನಡುಮನೆಯ ಒಳಗೋಡೆಯಲ್ಲಿ ನಾಲ್ಕಡಿ ಚೌಕವನ್ನು ಮೊದಲೇ ಬಣ್ಣ ಹಚ್ಚದೆ ಬಿಡಿಸಿ, ಬರೀ ಗಾರೆಯ ಮೇಲೆ ಕೆಮ್ಮಣ್ಣು ಬಳಿಸಿ ಒಣಗಿಸಿಟ್ಟು, ಆಮೇಲೆ ಬರೆಯುವವರನ್ನು ಕರೆಯಿರಿ. ಅಕ್ಕಿಹಿಟ್ಟಿಗೂ ಬೂಷ್ಟು ಬರುತ್ತದೆ. ಆ ಗೋಡೆಯ ಹಿಂದೆ ಬಚ್ಚಲು ಇರಬಾರದು.