ಡೌನ್ ಸಿಂಡ್ರೋಮ್ ಇರುವ ಮಗಳು, ಮನೆಯವರ ನೆಮ್ಮದಿ: ನನ್ನ ಅನುಭವ

ಎರಡನೆಯ ಮಗುವಿಗೆ, ಬೆಳವಣಿಗೆ ಮತ್ತು ಕಲಿಕೆ ನಿಧಾನವಾಗುವ ಹುಟ್ಟಿನಿಂದಲೇ ಬರುವ ಸ್ಥಿತಿಯಾದ ಡೌನ್ ಸಿಂಡ್ರೋಮ್ ಇದೆಯೆಂದು ತಿಳಿದಾಗ ನಮ್ಮ ಮನೆಯನ್ನು ಹೆಚ್ಚು ಕದಡಿದ್ದು 'ಇದು ಯಾರ ಕಡೆಯಿಂದ ಬಂತು' ಎಂಬ ಪ್ರಶ್ನೆ. ಬಸುರಿಯಾಗಿದ್ದಾಗ ಗ್ರಹಣ ನೋಡಿರಬೇಕೆಂದು ನೆಂಟರು, ತಮ್ಮ ವಂಶದಲ್ಲಿ ಇಂಥದ್ದಿಲ್ಲವೆಂದು ಅತ್ತೆಯವರು ಹೇಳುತ್ತಿದ್ದರು. ನಾನು ವಾದಕ್ಕಿಳಿಯಲಿಲ್ಲ, ಕ್ರೋಮೋಸೋಮ್ (ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಎಳೆ) ಪರೀಕ್ಷೆಯ ವರದಿ ಬಂದ ದಿನ ಅತ್ತೆಯವರನ್ನೂ ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. 21ನೆಯ ಕ್ರೋಮೋಸೋಮ್ ಎರಡಿರುವಲ್ಲಿ ಮೂರಿವೆ, ಅಂಡಾಣುವೋ ವೀರ್ಯಾಣುವೋ ರೂಪುಗೊಳ್ಳುವಾಗ ಜೋಡಿ ಬೇರ್ಪಡದೆ ಉಳಿದರೆ ಹೀಗಾಗುತ್ತದೆ, ಇಂಥ ನೂರು ಮಕ್ಕಳಲ್ಲಿ ಸುಮಾರು 95 ಮಂದಿಯದು ಇದೇ ಬಗೆ, ತಾಯಿ ಉಂಡದ್ದರಿಂದಾಗಲಿ ನೋಡಿದ್ದರಿಂದಾಗಲಿ ಇದು ಬರುವುದಿಲ್ಲ ಎಂದು ವೈದ್ಯರು ವರದಿಯ ಚಿತ್ರವನ್ನೇ ಮುಂದಿಟ್ಟು ವಿವರಿಸಿದರು. ಅಂದಿನಿಂದ ನೆಂಟರಿಗೆ ಉತ್ತರ ಹೇಳುವವರು ಅತ್ತೆಯವರೇ ಆದರು. ವರದಿಯನ್ನು ಮನೆಯ ಹಿರಿಯರ ಜೊತೆ ಕುಳಿತು ಕೇಳಿರೆಂದು ಹೊಸ ತಾಯ್ತಂದೆಯರಿಗೆ ನಾನು ಇಂದಿಗೂ ಹೇಳುತ್ತೇನೆ.

ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವುದರಿಂದ ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆಯನ್ನು ಬೇಗನೇ ಮಾಡಿಸಿದೆವು. ವರ್ಷವರ್ಷದ ಥೈರಾಯ್ಡ್ ಪರೀಕ್ಷೆ, ಕಣ್ಣು, ಕಿವಿ, ಅವುಗಳ ಕಾಗದಪತ್ರ ಎಲ್ಲವೂ ಯಜಮಾನರ ಪಾಲಿಗೆ ಬಂದವು. ಮಗುವಿನ ಸ್ನಾಯುಗಳಲ್ಲಿ ಬಿಗಿ ಕಡಿಮೆಯಿದ್ದುದರಿಂದ ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ಅತ್ತೆಯವರು ಎಣ್ಣೆ ಹಚ್ಚುವ ಹೊತ್ತಿಗೆ ಸೇರಿಸಿಕೊಂಡರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತ ಮಾತಿನ ಅಭ್ಯಾಸ ಮಾತ್ರ ನನ್ನದಾಯಿತು. ಅದನ್ನು ಸೊಪ್ಪು ಬಿಡಿಸುವಾಗ, ತಟ್ಟೆ ಹಾಕುವಾಗ ಮಾಡಿಸುತ್ತಿದ್ದೆ. ಎಲ್ಲವನ್ನೂ ತಾಯಿಯೇ ಮಾಡಲೆಂದು ಬಿಟ್ಟ ಮನೆಯಲ್ಲಿ ತಾಯಿಯ ಆರೋಗ್ಯ ಕೆಡುತ್ತದೆ, ಆಮೇಲೆ ಮಗುವಿನ ಕಲಿಕೆಯೂ ನಿಲ್ಲುತ್ತದೆ.

ದೊಡ್ಡ ಮಗನ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಶನಿವಾರದ ಸಂಜೆಯನ್ನು ಅವನಿಗೇ ಮೀಸಲಿಟ್ಟೆವು. ಆ ಹೊತ್ತಿನಲ್ಲಿ ತಂಗಿಯ ಚಿಕಿತ್ಸೆಯ ಮಾತೇ ಇಲ್ಲ. ಅಂಥದೊಂದು ಸಂಜೆ ಅವನು, "ಅಮ್ಮಾ, ನೀವಿಬ್ಬರೂ ಇಲ್ಲದಾಗ ಪುಟ್ಟಿಯನ್ನು ನಾನೇ ನೋಡಿಕೊಳ್ಳಬೇಕಾ?" ಎಂದು ಕೇಳಿದ. ಆ ಏರ್ಪಾಡು ಮಾಡುವುದು ಅಪ್ಪ ಅಮ್ಮನ ಕೆಲಸ, ನೀನು ಅವಳಿಗೆ ಅಣ್ಣನಾಗಿದ್ದರೆ ಸಾಕು ಎಂದೆ. ಆ ಮಾತನ್ನು ಉಳಿಸಿಕೊಳ್ಳಲೆಂದೇ ಅಂಗವೈಕಲ್ಯದ ಗುರುತಿನ ಚೀಟಿ ಮಾಡಿಸಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ವೆಚ್ಚ ಭರಿಸುವ ನಿರಾಮಯ ಎಂಬ ಸರ್ಕಾರಿ ಆರೋಗ್ಯ ವಿಮೆಗೆ ಸೇರಿಸಿದೆವು. ಅವಳಿಗೆ 18 ತುಂಬಿದ ಮೇಲೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪೋಷಕತ್ವಕ್ಕೆ, ಅಂದರೆ ಅವಳನ್ನೂ ಅವಳ ಆಸ್ತಿಯನ್ನೂ ನೋಡಿಕೊಳ್ಳುವ ಕಾನೂನಿನ ಹೊಣೆಗೆ, ನಾವಿಬ್ಬರೇ ಅರ್ಜಿ ಹಾಕಲಿದ್ದೇವೆ. ಮುಂದೆ ಅದರಲ್ಲಿ ತನ್ನ ಹೆಸರಿರಬೇಕೇ ಬೇಡವೇ ಎಂಬುದನ್ನು ಮಗ ದೊಡ್ಡವನಾಗಿ ತಾನೇ ಹೇಳುತ್ತಾನೆ.