ಹಳೆಯ ಕರಡನ್ನೂ ಉಳಿಸಿಕೊಳ್ಳುವ ಹಾಳೆ: ಗೂಗಲ್ ಡಾಕ್ಸ್‌ನಲ್ಲಿ ಪ್ರಬಂಧ ಬರೆಸಿದ ನನ್ನ ಅನುಭವ

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟ ಪ್ರಬಂಧವನ್ನು ಮಕ್ಕಳು ಅಂಕ ನೋಡಿ ಮುಚ್ಚಿಡುತ್ತಿದ್ದರು. ಅದನ್ನೇ ತಿದ್ದಿ ಮತ್ತೆ ಬರೆಯಿರಿ ಎಂದರೆ ಎರಡು ಪುಟಗಳ ನಕಲು ಅವರಿಗೆ ಶಿಕ್ಷೆಯಂತೆ ಕಾಣುತ್ತಿತ್ತು. ಒಂಬತ್ತನೆಯ ತರಗತಿಯ ಬರವಣಿಗೆಯನ್ನು, ಅಂತರ್ಜಾಲದಲ್ಲಿ ಹಲವರು ಕೂಡಿ ಬರೆದು ತಿದ್ದಬಹುದಾದ ಗೂಗಲ್ ಡಾಕ್ಸ್‌ಗೆ ಒಯ್ದದ್ದು ಇದೇ ಕಾರಣಕ್ಕೆ. 34 ಮಕ್ಕಳಿಗೆ ಇದ್ದದ್ದು 12 ಕಂಪ್ಯೂಟರ್, ಹಾಗಾಗಿ ಮೂವರಿಗೊಂದು ಗುಂಪು; ವಿಷಯ, ನಮ್ಮೂರಿನ ಸಂತೆ.

ಮೊದಲ ದಿನದ ಎಡವಟ್ಟು ನನ್ನದೇ. ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು ಎಂಬ ಅನುಮತಿ ಕೊಟ್ಟು ಎಲ್ಲರಿಗೂ ಒಂದೇ ಕಡತ ತೆರೆದುಕೊಟ್ಟೆ. ಲಾಗಿನ್ ಆಗದೆ ಒಳಬಂದವರನ್ನು ಡಾಕ್ಸ್ ಅನಾಮಧೇಯ ಪ್ರಾಣಿಗಳ ಹೆಸರಿನಲ್ಲಿ ತೋರಿಸುತ್ತದೆ. ಯಾವ ಪ್ರಾಣಿ ಯಾರು ಎಂದು ಪತ್ತೆಹಚ್ಚುವ ಗಲಾಟೆಯಲ್ಲೇ ಅರ್ಧ ಪೀರಿಯಡ್ ಕಳೆಯಿತು, ಅಷ್ಟರಲ್ಲಿ ಯಾರೋ ಇಡೀ ಪುಟವನ್ನೇ ಅಳಿಸಿದ್ದರು. ಕಡತದ ಹಳೆಯ ರೂಪಗಳನ್ನು ಉಳಿಸಿಡುವ ಆವೃತ್ತಿ ಇತಿಹಾಸಕ್ಕೆ ಹೋಗಿ ಅದನ್ನು ಮರಳಿ ತಂದೆ. ಮುಂದಿನ ವಾರ ಗುಂಪಿಗೊಂದು ಖಾತೆ ಮಾಡಿ, ಲಿಂಕಿನ ಕೊನೆಯಲ್ಲಿರುವ ‘ಎಡಿಟ್’ ಎಂಬ ಪದವನ್ನೂ ಅದರ ಮುಂದಿನ ಭಾಗವನ್ನೂ ತೆಗೆದು ‘ಕಾಪಿ’ ಎಂದು ಹಾಕಿ ಕಳುಹಿಸಿದೆ. ಹೀಗೆ ಮಾಡಿದರೆ ತೆರೆದವರಿಗೆಲ್ಲ ತಮ್ಮದೇ ಪ್ರತಿ ಮಾಡಿಕೊಳ್ಳುವ ಪುಟ ಬರುತ್ತದೆ, ಮೂಲ ಕಡತ ನಮ್ಮಲ್ಲಿ ಹಾಗೆಯೇ ಉಳಿಯುತ್ತದೆ.

ನಾನು ಎಣಿಸದೇ ಇದ್ದ ಪಾಠ ನಡೆದದ್ದು ಕೀಲಿಮಣೆಯ ಮೇಲೆ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸದಲ್ಲಿ ಸಂಯುಕ್ತಾಕ್ಷರವನ್ನು ಉಚ್ಚಾರಣೆಯ ಕ್ರಮದಲ್ಲಿಯೇ ಒತ್ತಬೇಕು. ‘ಸೂರ್ಯ’ ಎಂಬಲ್ಲಿ ಕಣ್ಣಿಗೆ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಕೈಯೂ ಹಾಗೆಯೇ ಬರೆಯುತ್ತದೆ. ಅದೇ ಕ್ರಮದಲ್ಲಿ ಒತ್ತಿದ ಮಕ್ಕಳಿಗೆ ತೆರೆಯ ಮೇಲೆ ‘ಸೂಯ್ರ’ ಸಿಕ್ಕಿತು. ಒಬ್ಬಳು ಜಾಣತನದಿಂದ ಒಂಬತ್ತರ ಅಂಕಿಯನ್ನೇ ಸೇರಿಸಿ ‘ಸೂಯ೯’ ಮಾಡಿಟ್ಟಿದ್ದಳು. ಕಡತದಲ್ಲಿ ‘ಸೂರ್ಯ’ ಎಂದು ಹುಡುಕಿಸಿ ನೋಡು ಎಂದೆ. ಅವಳ ಪದ ಸಿಗಲಿಲ್ಲ. ಬಾಯಲ್ಲಿ ರೇಫ, ಅಂದರೆ ರಕಾರ, ಮೊದಲು ಬರುತ್ತದೆ ಎಂಬುದನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಹೇಳಿದ್ದೇನೆ, ಅಂದಿನಷ್ಟು ಸಲೀಸಾಗಿ ಅದು ಎಂದೂ ಅರ್ಥವಾಗಿರಲಿಲ್ಲ.

ತಿದ್ದುವ ರೀತಿಯನ್ನು ನಾನೂ ಬದಲಿಸಿಕೊಳ್ಳಬೇಕಾಯಿತು. ಆರಂಭದಲ್ಲಿ, ತಿದ್ದಿದ್ದನ್ನು ಬರೆದವರು ಒಪ್ಪಬಹುದಾದ ಅಥವಾ ಬಿಡಬಹುದಾದ ಸಲಹೆಯ ವಿಧಾನದಲ್ಲಿ ಪ್ರತಿ ತಪ್ಪನ್ನೂ ತಿದ್ದುತ್ತಿದ್ದೆ, ಮಕ್ಕಳು ಓದದೆಯೇ ಸರಿ ಗುರುತನ್ನು ಒತ್ತುತ್ತಾ ಹೋಗುತ್ತಿದ್ದರು. ಅದು ಕೆಂಪು ಶಾಯಿಗಿಂತಲೂ ಕಡೆ, ಏಕೆಂದರೆ ತಪ್ಪಿನ ಗುರುತೂ ಕಣ್ಣೆದುರು ಉಳಿಯುವುದಿಲ್ಲ. ಅದನ್ನು ಬಿಟ್ಟು, ವಾಕ್ಯದ ಪಕ್ಕದಲ್ಲಿ ಟಿಪ್ಪಣಿಯಾಗಿ ಪ್ರಶ್ನೆ ಮಾತ್ರ ಬರೆಯತೊಡಗಿದೆ. ಒಂದು ಕರಡಿಗೆ ಮೂರಕ್ಕಿಂತ ಹೆಚ್ಚಿಲ್ಲ. ‘ಸಂತೆಯಲ್ಲಿ ತುಂಬಾ ಜನ ಇದ್ದರು’ ಎಂದಿದ್ದ ಗುಂಪಿಗೆ ‘ಮೊದಲು ಕಣ್ಣಿಗೆ ಬಿದ್ದವರು ಯಾರು?’ ಎಂದು ಕೇಳಿದ್ದೆ. ಮರುವಾರ ಆ ಜಾಗದಲ್ಲಿ, ಮಳೆ ಬಂದೀತೆಂದು ಪ್ಲಾಸ್ಟಿಕ್ ಹಾಳೆಯನ್ನು ಮಡಿಲಲ್ಲೇ ಇಟ್ಟುಕೊಂಡು ಹುಣಸೆಹಣ್ಣು ಮಾರುತ್ತಿದ್ದ ಅಜ್ಜಿ ಕುಳಿತಿದ್ದರು.

ಮೌಲ್ಯಮಾಪನಕ್ಕೂ ಆವೃತ್ತಿ ಇತಿಹಾಸವನ್ನೇ ನೆಚ್ಚಿದ್ದೇನೆ. ಒಂದೇ ಗಳಿಗೆಯಲ್ಲಿ ಇಡೀ ಪುಟ ಬಂದು ಬಿದ್ದಿದ್ದರೆ ಅದು ಎಲ್ಲಿಂದಲೋ ಅಂಟಿಸಿದ್ದಿರಬಹುದು ಎಂಬ ಸುಳಿವು ಸಿಗುತ್ತದೆ. ಆದರೆ ಬೈಯುವ ಮೊದಲು ಕೇಳಬೇಕು, ಮನೆಯಲ್ಲಿ ಮೊಬೈಲಿನಲ್ಲಿ ಟೈಪ್ ಮಾಡಿ ತಂದವರೂ ಇರುತ್ತಾರೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯ ಕಡತದಿಂದ ಅಂಟಿಸಿದ್ದಾದರೆ ಪತ್ತೆದಾರಿಕೆಯೇ ಬೇಡ, ಅದು ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲವಾದ್ದರಿಂದ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ನಿಲ್ಲುತ್ತದೆ. ನೆಟ್‌ವರ್ಕ್ ಕೈಕೊಡುವ ಊರುಗಳಲ್ಲಿ ಸಂಪರ್ಕವಿಲ್ಲದೆಯೂ ಬರೆಯಲು ಬಿಡುವ ಕ್ರೋಮ್ ಬ್ರೌಸರ್‌ನ ಆಫ್‌ಲೈನ್ ಸೌಲಭ್ಯವನ್ನು ಸಂಪರ್ಕ ಇರುವಾಗಲೇ ಸಿದ್ಧಪಡಿಸಿಟ್ಟಿರಬೇಕು.

ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಮಕ್ಕಳು ಪೆನ್ನಿನಲ್ಲೇ ಬರೆಯಬೇಕು. ಆದ್ದರಿಂದ ಕರಡು ಮತ್ತು ತಿದ್ದುಪಡಿ ಲ್ಯಾಬಿನಲ್ಲಿ ನಡೆದರೂ ಕೊನೆಯ ಪ್ರತಿಯನ್ನು ನೋಟ್‌ಬುಕ್ಕಿನಲ್ಲೇ ಬರೆಸುತ್ತೇನೆ. ಆ ನಕಲಿಗೆ ಈಗ ಮೊದಲಿನಷ್ಟು ಗೊಣಗಾಟವಿಲ್ಲ. ಕೆಲವರು ನಕಲು ಮಾಡುತ್ತಲೇ ಇನ್ನೊಂದೆರಡು ವಾಕ್ಯ ಬದಲಿಸುತ್ತಾರೆ.