ವರ್ಕ್-ಸ್ಟಡಿ: ಪಾಳಿಗೆ ಮುಂಚೆ ಗಂಟೆ ಲೆಕ್ಕ

ಅಮೆರಿಕದ ಕಾಲೇಜು ಕಳಿಸುವ ನೆರವಿನ ಪತ್ರದಲ್ಲಿ 'ಫೆಡರಲ್ ವರ್ಕ್-ಸ್ಟಡಿ: 3000 ಡಾಲರ್' (ಓದುತ್ತಾ ಕೆಲಸ ಮಾಡಿ ಗಳಿಸುವ ಸರ್ಕಾರಿ ನೆರವಿನ ಯೋಜನೆ) ಎಂದು ಕಂಡ ತಕ್ಷಣ ಅಷ್ಟನ್ನೂ ಫೀಸಿನಲ್ಲಿ ಕಳೆದು ಲೆಕ್ಕ ಹಾಕುವವರೇ ಹೆಚ್ಚು. ಕ್ಯಾಂಪಸ್ ಲೈಬ್ರರಿಯಲ್ಲಿ ವಿದ್ಯಾರ್ಥಿಗಳ ಪಾಳಿ ಹಾಕುವ ನಾನು ಮೊದಲು ಬಿಡಿಸಿ ಹೇಳುವುದು ಇದನ್ನೇ: ಅದು ಕೈಗೆ ಬಂದ ದುಡ್ಡಲ್ಲ, ದುಡಿದು ಪಡೆಯಬಹುದಾದ ಸಂಬಳದ ಮಿತಿ. ಕೆಲಸ ಹುಡುಕಿಕೊಳ್ಳದಿದ್ದರೆ ಸೊನ್ನೆ. ಹುಡುಕಿಕೊಂಡರೂ ದುಡಿದ ಮೇಲೆಯೇ ಹಣ. ಫೀಸಿನ ಗಡುವು ಅಲ್ಲಿಯವರೆಗೆ ಕಾಯುವುದಿಲ್ಲ.

ಪಾಳಿ ಪಟ್ಟಿಗೆ ಮುಂಚೆ ಭಾಗಾಕಾರ. ವರ್ಷದ 3000ದಲ್ಲಿ ಫಾಲ್ ಸೆಮಿಸ್ಟರ್‌ಗೆ (ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಅವಧಿ) ಅರ್ಧ, ಅಂದರೆ 1500. ಗಂಟೆಗೆ 15 ಡಾಲರ್ ಆದರೆ 100 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 6 ಗಂಟೆ 40 ನಿಮಿಷ, ಅಷ್ಟೇ. ಹುಮ್ಮಸ್ಸಿನಲ್ಲಿ ವಾರಕ್ಕೆ 12 ಗಂಟೆ ಕೇಳಿ ಪಡೆದವರದ್ದು ಒಂಬತ್ತನೇ ವಾರಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಸಂಬಳದ ದೊಡ್ಡ ಪಾಲು, ಸಾಮಾನ್ಯವಾಗಿ ಶೇ. 75ರವರೆಗೆ, ಸರ್ಕಾರದ್ದು, ಮಿತಿ ದಾಟಿದರೆ ಪೂರ್ತಿ ಲೈಬ್ರರಿಯ ಬಜೆಟ್ಟಿನ ಮೇಲೆ ಬೀಳುವುದರಿಂದ ಪಾಳಿ ನಿಲ್ಲಿಸಬೇಕಾಗುತ್ತದೆ. ಹಾಗಾಗಿ ನಾನು ಹಾಕುವುದು ವಾರಕ್ಕೆ ಆರೇ ಗಂಟೆ. ಉಳಿಯುವ ಹತ್ತು ಗಂಟೆ ಸೆಮಿಸ್ಟರ್ ಕೊನೆಗೆ, ಬೇರೆಯವರು ರಜೆ ಕೇಳುವ ವಾರಗಳಿಗೆ. ತರಗತಿಯ ಹೊತ್ತಿನಲ್ಲಿ ಪಾಳಿ ಹಾಕುವಂತಿಲ್ಲ; ತರಗತಿ ರದ್ದಾಗಿದ್ದರೆ ಅದರ ದಾಖಲೆ ಇಟ್ಟುಕೊಂಡಿರಬೇಕು.

ಇನ್ನೊಂದು ಗಂಟು ಐ-9 ಫಾರ್ಮ್, ಅಂದರೆ ನೀವು ಯಾರು, ಅಮೆರಿಕದಲ್ಲಿ ಕೆಲಸ ಮಾಡಲು ಅನುಮತಿ ಇದೆಯೇ ಎಂದು ಖಚಿತಪಡಿಸುವ ನಮೂನೆ. ಕೆಲಸ ಶುರುವಾಗಿ ಮೂರು ಕೆಲಸದ ದಿನಗಳೊಳಗೆ ಅಸಲು ದಾಖಲೆ ತೋರಿಸಬೇಕು. ಜೆರಾಕ್ಸ್, ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಅಥವಾ ಗ್ರೀನ್ ಕಾರ್ಡ್ ಒಂದಿದ್ದರೆ ಸಾಕು. ಇಲ್ಲವಾದರೆ ಫೋಟೊ ಇರುವ ಕಾಲೇಜಿನ ಐಡಿ ಜೊತೆಗೆ ಸೋಷಿಯಲ್ ಸೆಕ್ಯುರಿಟಿ ಕಾರ್ಡ್. ಆ ಕಾರ್ಡೋ, ಮೂರು ರಾಜ್ಯದಾಚೆ ಅಮ್ಮನ ಬೀರುವಿನಲ್ಲಿ ಭದ್ರವಾಗಿರುತ್ತದೆ! ಆಗಸ್ಟ್‌ನಲ್ಲಿ ಹೊರಡುವಾಗಲೇ ಚೀಲಕ್ಕೆ ಹಾಕಿಕೊಳ್ಳಿ.

ಬೆಂಗಳೂರು, ಮೈಸೂರಿನಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ವರ್ಕ್-ಸ್ಟಡಿ ಸಿಗುವುದಿಲ್ಲ. ಅವರು ಕ್ಯಾಂಪಸ್ಸಿನ ಸಾಮಾನ್ಯ ಕೆಲಸ ಹಿಡಿಯಬಹುದು, ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ. ಜಾಹೀರಾತಿನಲ್ಲಿ 'ವರ್ಕ್-ಸ್ಟಡಿಯವರಿಗೆ ಮಾತ್ರ' ಎಂದಿದ್ದರೆ ಅರ್ಜಿ ಹಾಕಿ ಸಮಯ ಕಳೆಯಬೇಡಿ.

ವರ್ಷದ ನಡುವೆ ಬೇರೆ ವಿದ್ಯಾರ್ಥಿವೇತನ ಬಂದರೆ 'ಅಗತ್ಯ'ದ ಲೆಕ್ಕ, ಅಂದರೆ ನಿಮಗೆ ಎಷ್ಟು ನೆರವು ಬೇಕೆಂದು ಕಾಲೇಜು ಹಾಕುವ ಲೆಕ್ಕ, ಕುಗ್ಗಿ ವರ್ಕ್-ಸ್ಟಡಿ ಮೊತ್ತ ಕಡಿಮೆಯಾಗಬಹುದು. ಅಂಥ ಪತ್ರ ಬಂದ ದಿನವೇ ನೆರವಿನ ಕಚೇರಿಗೂ ಪಾಳಿ ಹಾಕುವವರಿಗೂ ತಿಳಿಸಿ. ಉಳಿದ ಗಂಟೆಗಳನ್ನು ಮತ್ತೆ ಹಂಚಬೇಕಾಗುತ್ತದೆ.